ಕೊಬ್ಬರಿ ಎಣ್ಣೆ ತಲೆಗೋ ಒಗ್ಗರಣೆಗೋ? ಒಂದು ಹಳೇ ಸುಂಕದ ವ್ಯಾಜ್ಯದ ಕತೆ

2025ರ ಸೆಪ್ಟೆಂಬರ್ ಕೊನೆಯ ವಾರ. ದಸರಾ ಶುರುವಾಗಿತ್ತು. ಜಿಎಸ್‌ಟಿ ಕಡಿಮೆಯಾಗಿದೆ ಅಂತ ಎಲ್ಲ ಟಿವಿಗಳಲ್ಲೂ ಅದೇ ಸುದ್ದಿ. ನಾವು ತಿಪಟೂರು ಕಡೆಯ ಒಂದು ಹಳ್ಳಿಯ ಕಿರಾಣಿ ಅಂಗಡಿ ಮುಂದೆ ನಿಂತು, ಯಾವ್ಯಾವ ಸಾಮಾನಿನ ರೇಟು ಇಳಿದಿದೆ ಅಂತ ಬರೆದುಕೊಳ್ಳುತ್ತಿದ್ದೆವು. ಆಗಲೇ ಒಂದು ಸಣ್ಣ ಜಗಳ ಹತ್ತಿಕೊಂಡಿತು.

"ತಲೆಗೆ ಹಚ್ಚೋ ಎಣ್ಣೆ ರೇಟು ಇಳೀತು ಅಂತ ಟಿವೀಲಿ ಹೇಳಿದಾರೆ. ನೀನು ಹಳೇ ರೇಟೇ ತಗೋತಿದೀಯಲ್ಲಪ್ಪ?" ಅಂತ ಒಬ್ಬ ಹೆಂಗಸು ಕೇಳಿದರು. ಕೈಯಲ್ಲಿ ಒಂದು ಸಣ್ಣ ಕೊಬ್ಬರಿ ಎಣ್ಣೆ ಬಾಟಲಿ.

"ಅಕ್ಕ, ಇದು ತಲೆ ಎಣ್ಣೆ ಅಲ್ಲ, ಅಡುಗೆ ಎಣ್ಣೆ. ಇಲ್ಲಿ ಬರೆದವ್ರೆ ನೋಡಿ" ಅಂದರು ಅಂಗಡಿಯವರು.

"ನಲವತ್ತು ವರ್ಷದಿಂದ ತಲೆಗೇ ಹಚ್ತಿದೀನಿ ಕಣಪ್ಪ. ಒಂದು ದಿನಾನೂ ಇದರಲ್ಲಿ ಒಗ್ಗರಣೆ ಹಾಕಿಲ್ಲ!"

ಅಂಗಡಿ ಮುಂದೆ ನಿಂತವರೆಲ್ಲ ನಕ್ಕರು. ನಮಗೂ ನಗು ಬಂತು. ಆದರೆ ಮನೆಗೆ ಬಂದು ಹುಡುಕುತ್ತಾ ಕೂತಾಗ ಗೊತ್ತಾಯಿತು, ಆ ಅಕ್ಕ ಮತ್ತು ಅಂಗಡಿಯವರು ಎರಡೇ ನಿಮಿಷದಲ್ಲಿ ಆಡಿ ಮುಗಿಸಿದ ಜಗಳವನ್ನೇ ಎಣ್ಣೆ ಕಂಪನಿಗಳು ಮತ್ತು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ 15 ವರ್ಷ ಆಡಿವೆ. ಅಂಗಡಿಯವರು ಹೇಳಿದ್ದು ಕಾನೂನಿನ ಪ್ರಕಾರ ಸರಿ. ಅಕ್ಕ ಹೇಳಿದ್ದೂ ಸುಳ್ಳಲ್ಲ. ಹಾಗಾದರೆ ಒಂದು ವಸ್ತುವಿನ ಹೆಸರು ಏನು ಅಂತ ತೀರ್ಮಾನ ಮಾಡುವವರು ಯಾರು? ಈ ಪ್ರಶ್ನೆಯ ಹಿಂದೆ ಎಂಬತ್ತು ವರ್ಷದ ಚರಿತ್ರೆ ಇದೆ.

ಅಬಕಾರಿ ಅಂದರೆ ಹೆಂಡ ಮಾತ್ರ ಅಲ್ಲ

ನಮ್ಮ ಊರುಗಳಲ್ಲಿ ಅಬಕಾರಿ ಅಂದ ತಕ್ಷಣ ನೆನಪಾಗೋದು ಸಾರಾಯಿ, ಬ್ರಾಂದಿ ಅಂಗಡಿ, ರೈಡು. ಅದು ರಾಜ್ಯ ಸರ್ಕಾರದ ಅಬಕಾರಿ. ಅದರ ಜೊತೆಗೆ ಇನ್ನೊಂದಿತ್ತು, ಕೇಂದ್ರ ಅಬಕಾರಿ. ಸೋಪು, ಸಿಮೆಂಟು, ಬಟ್ಟೆ, ಟೈರು, ಬೆಂಕಿಪೊಟ್ಟಣ ಹೀಗೆ ಕಾರ್ಖಾನೆಯಲ್ಲಿ ತಯಾರಾದ ವಸ್ತುಗಳ ಮೇಲೆ ಕೇಂದ್ರ ಸರ್ಕಾರ ಹಾಕುತ್ತಿದ್ದ ಸುಂಕ ಅದು. ಒಂದು ಕಾಲದಲ್ಲಿ ಎಲೆ ತಂಬಾಕಿನ ಮೇಲೂ ಇತ್ತು.

ಅದರ ಕಾನೂನು ಬಂದದ್ದು ಬ್ರಿಟಿಷರ ಕಾಲದಲ್ಲಿ, 1944ರಲ್ಲಿ. ಅದಕ್ಕೆ ಇಟ್ಟ ಹೆಸರು 'ಕೇಂದ್ರ ಅಬಕಾರಿ ಮತ್ತು ಉಪ್ಪಿನ ಕಾಯ್ದೆ'. ದಂಡಿ ಸತ್ಯಾಗ್ರಹ ಆಗಿ 14 ವರ್ಷ ಆದಮೇಲೂ ಉಪ್ಪು ಸುಂಕದ ಕಾಯ್ದೆಯ ಹೆಸರಲ್ಲೇ ಕೂತಿತ್ತು. ಸ್ವಾತಂತ್ರ್ಯ ಬಂದು ಸುಮಾರು 50 ವರ್ಷ ಕಳೆದ ಮೇಲೆ, 1996ರಲ್ಲಿ, ಆ ಹೆಸರಿನಿಂದ ಉಪ್ಪನ್ನು ತೆಗೆದರು.

ಈ ಸುಂಕದ ಒಂದು ವಿಶೇಷ ಗಮನಿಸಬೇಕು. ಅದನ್ನು ಸರ್ಕಾರಕ್ಕೆ ಕಟ್ಟುತ್ತಿದ್ದದ್ದು ಕಾರ್ಖಾನೆಯವರು. ಆದರೆ ಅವರು ಅದನ್ನು ಮಾಲಿನ ಬೆಲೆಯಲ್ಲೇ ಸೇರಿಸಿಬಿಡುತ್ತಿದ್ದರು. ಕಾರ್ಖಾನೆಯಿಂದ ಏಜೆಂಟಿಗೆ, ಏಜೆಂಟಿನಿಂದ ಅಂಗಡಿಗೆ, ಅಂಗಡಿಯಿಂದ ನಮ್ಮ ಕೈಚೀಲಕ್ಕೆ ಅದು ಬರುತ್ತಿತ್ತು. ಬಿಲ್ಲಿನಲ್ಲಿ ಬೇರೆಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಕೂಲಿ ಮಾಡುವವರೂ ಈ ಸುಂಕ ಕಟ್ಟುತ್ತಿದ್ದರು. ಕಟ್ಟುತ್ತಿದ್ದೇವೆ ಅನ್ನೋದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ನೋಟಿಸು ಕೊಟ್ಟ ಇಲಾಖೆಯೇ ನ್ಯಾಯ ಹೇಳುತ್ತಿದ್ದ ಕಾಲ

ಕಾರ್ಖಾನೆಗೂ ಇಲಾಖೆಗೂ ಜಗಳ ಹೇಗೆ ಬರುತ್ತದೆ? ಕಾರ್ಖಾನೆಯವರು, "ನಮ್ಮ ಮಾಲು ಇಂಥದ್ದು, ಇದಕ್ಕೆ ಇಷ್ಟು ಸುಂಕ" ಅಂತ ಕಟ್ಟುತ್ತಾರೆ. ಅಧಿಕಾರಿಗಳು, "ಅಲ್ಲ, ಇದು ಬೇರೆ ಮಾಲು, ಸುಂಕ ಜಾಸ್ತಿ" ಅನ್ನುತ್ತಾರೆ. ಕಾರಣ ಕೇಳಿ ನೋಟಿಸು ಬರುತ್ತದೆ. ಉತ್ತರ ಒಪ್ಪಿಗೆಯಾಗದಿದ್ದರೆ ಬಾಕಿ, ಬಡ್ಡಿ, ದಂಡ ಎಲ್ಲ ಸೇರಿಸಿ ಆದೇಶ ಹೊರಡುತ್ತದೆ.

1982ರ ತನಕ ಇದರ ಮೇಲೆ ಅಪೀಲು ಹೋಗಬೇಕಾದದ್ದು ಅದೇ ಇಲಾಖೆಯ ಮೇಲಿನ ಅಧಿಕಾರಿಗೆ. ಅಲ್ಲೂ ಆಗಲಿಲ್ಲ ಅಂದರೆ ಮಂಡಳಿ, ಆಮೇಲೆ ಕೇಂದ್ರ ಸರ್ಕಾರ. ನೋಟಿಸು ಕೊಟ್ಟವರ ಮನೆಯಲ್ಲೇ ನ್ಯಾಯ ಕೇಳಿದ ಹಾಗೆ. ಹೈಕೋರ್ಟಿಗೆ ರಿಟ್ ಹಾಕುವ ದಾರಿ ಇತ್ತು, ಆದರೆ ಅದು ದುಡ್ಡಿದ್ದವರ ದಾರಿ.

1982ರ ಅಕ್ಟೋಬರ್ 11ರಂದು ಇದಕ್ಕೊಂದು ಬೇರೆ ಜಾಗ ಆಯಿತು. ಕಸ್ಟಮ್ಸ್, ಅಬಕಾರಿ ಮತ್ತು ಚಿನ್ನ ನಿಯಂತ್ರಣದ ಮೇಲ್ಮನವಿ ನ್ಯಾಯಮಂಡಳಿ. ಲಾಯರುಗಳ ಬಾಯಲ್ಲಿ ಅದು 'ಸೆಗಾಟ್'. 2003ರಲ್ಲಿ ಹೆಸರಿನಿಂದ ಚಿನ್ನ ಹೋಗಿ ಸೇವಾ ತೆರಿಗೆ ಸೇರಿಕೊಂಡಿತು, 'ಸೆಸ್ಟಾಟ್' ಆಯಿತು. ಬೆಂಗಳೂರಿನಲ್ಲೂ ಇದರ ಪೀಠ ಇದೆ.

ಇಲ್ಲಿನ ಪೀಠದಲ್ಲಿ ಸಾಮಾನ್ಯವಾಗಿ ಇಬ್ಬರು ಕೂರುತ್ತಾರೆ. ಒಬ್ಬರು ಕಾನೂನು ಬಲ್ಲ ಸದಸ್ಯರು, ಇನ್ನೊಬ್ಬರು ಸುಂಕದ ಕೆಲಸ ಬಲ್ಲ ತಾಂತ್ರಿಕ ಸದಸ್ಯರು. ಕಂಪನಿಯೂ ಇಲ್ಲಿಗೆ ಬರಬಹುದು, ಇಲಾಖೆಯೂ ಬರಬಹುದು. ಮುಂಚೆ ಅಪೀಲು ಹಾಕಬೇಕಾದರೆ ಕೇಳಿದ ಸುಂಕ ಪೂರ್ತಿ ಕಟ್ಟಬೇಕು, ಇಲ್ಲ ವಿನಾಯಿತಿ ಕೊಡಿ ಅಂತ ಬೇರೆ ಅರ್ಜಿ ಹಾಕಿಕೊಳ್ಳಬೇಕು ಅಂತಿತ್ತು. 2014ರಿಂದ ಶೇ 7.5 ಅಥವಾ ಶೇ 10ರಷ್ಟು ಕಟ್ಟಿದರೆ ಸಾಕು ಅಂತ ಆಯಿತು. ಸಣ್ಣ ಕಾರ್ಖಾನೆಯವರಿಗೆ ಇದು ದೊಡ್ಡ ಉಸಿರು.

ಇನ್ನೊಂದು ನಿಯಮ ಈ ಕತೆಗೆ ಮುಖ್ಯ. ಮಾಲಿನ ಹೆಸರು ಏನು, ಸುಂಕದ ದರ ಎಷ್ಟು, ಬೆಲೆ ಎಷ್ಟು ಹಿಡಿಯಬೇಕು ಅನ್ನುವ ಜಗಳ ಆದರೆ ನ್ಯಾಯಮಂಡಳಿಯಿಂದ ಅಪೀಲು ಹೈಕೋರ್ಟಿಗೆ ಹೋಗುವುದಿಲ್ಲ, ನೇರ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಒಂದು ಮಾಲಿಗೆ ಕೇರಳದಲ್ಲಿ ಒಂದು ದರ, ಕರ್ನಾಟಕದಲ್ಲಿ ಒಂದು ದರ ಆಗಬಾರದಲ್ಲ, ಅದಕ್ಕೆ. ಹೀಗಾಗಿಯೇ ಹಲ್ಲುಪುಡಿ, ಕ್ರೀಮು, ಎಣ್ಣೆ ಎಲ್ಲವೂ ದೇಶದ ಅತಿ ದೊಡ್ಡ ಕೋರ್ಟಿನ ಮೆಟ್ಟಿಲು ಹತ್ತಿದವು.

ಬಜಾರಿನ ಮಾತೇ ಸಾಕ್ಷಿ

ನ್ಯಾಯಮಂಡಳಿ ಹುಟ್ಟುವ ಮುಂಚೆಯೇ, 1962ರಲ್ಲಿ, ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಅದೂ ಎಣ್ಣೆಯದೇ ಕತೆ. ದೆಹಲಿ ಕ್ಲಾತ್ ಮಿಲ್ಸ್ ಅನ್ನುವ ಕಂಪನಿ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ ಕೊಂಡು ವನಸ್ಪತಿ ಮಾಡುತ್ತಿತ್ತು. ವನಸ್ಪತಿಗೆ ಸುಂಕ ಕಟ್ಟುತ್ತಿತ್ತು. ಇಲಾಖೆಯವರು, "ವನಸ್ಪತಿ ಆಗುವ ಮುಂಚೆ ಮಧ್ಯದಲ್ಲಿ ರಿಫೈನ್ಡ್ ಎಣ್ಣೆ ತಯಾರಾಗುತ್ತದಲ್ಲ, ಅದಕ್ಕೂ ಸುಂಕ ಕೊಡಿ" ಅಂದರು.

ಕೋರ್ಟು ಒಪ್ಪಲಿಲ್ಲ. ಬಜಾರಿನಲ್ಲಿ ರಿಫೈನ್ಡ್ ಎಣ್ಣೆ ಅಂದರೆ ವಾಸನೆ ತೆಗೆದ ಎಣ್ಣೆ. ಕಾರ್ಖಾನೆಯಲ್ಲಿ ಮಧ್ಯದ ಹಂತದಲ್ಲಿ ಇರುವ ಎಣ್ಣೆಗೆ ಇನ್ನೂ ವಾಸನೆ ಹೋಗಿರುವುದಿಲ್ಲ. ಅದನ್ನು ಯಾವ ವ್ಯಾಪಾರಿಯೂ ರಿಫೈನ್ಡ್ ಎಣ್ಣೆ ಅಂತ ಕೊಳ್ಳುವುದಿಲ್ಲ. ವಸ್ತುವಿಗೆ ಏನೋ ಒಂದಿಷ್ಟು ಬದಲಾವಣೆ ಮಾಡಿದರೆ ಸಾಲದು, ಬಜಾರು ಬೇರೆ ಹೆಸರಿಟ್ಟು ಗುರುತಿಸುವ ಹೊಸ ವಸ್ತು ಹುಟ್ಟಬೇಕು, ಆಗ ಮಾತ್ರ ಅದು ತಯಾರಿಕೆ ಅಂತ ಕೋರ್ಟು ಹೇಳಿತು.

1986ರಲ್ಲಿ ಹೊಸ ಸುಂಕ ಪಟ್ಟಿ ಜಾರಿಗೆ ಬಂತು. ಪ್ರಪಂಚದ ಬೇರೆ ದೇಶಗಳು ಬಳಸುವ ಪಟ್ಟಿಯ ಮಾದರಿಯಲ್ಲೇ ಎಲ್ಲ ವಸ್ತುಗಳಿಗೂ ಅಧ್ಯಾಯ, ನಂಬರು ಕೊಟ್ಟರು. ಔಷಧಿಗೆ 30ನೇ ಅಧ್ಯಾಯ, ಸೌಂದರ್ಯದ ಸಾಮಾನಿಗೆ 33, ಎಣ್ಣೆ-ಕೊಬ್ಬಿಗೆ 15. ಯಾವ ವಸ್ತು ಯಾವ ಗೂಡಿಗೆ ಬೀಳುತ್ತದೆ ಅನ್ನುವುದರ ಮೇಲೆ ಸುಂಕ. ಜಗಳಗಳು ಜಾಸ್ತಿಯೇ ಆದವು.

ಬೈದ್ಯನಾಥ್ ಕಂಪನಿಯ ಕೆಂಪು ಹಲ್ಲುಪುಡಿ, ಅಂದರೆ ಲಾಲ್ ದಂತ ಮಂಜನ್, ಬಹಳ ಜನಕ್ಕೆ ಗೊತ್ತಿರಬಹುದು. ಇದು ಆಯುರ್ವೇದದ ಗ್ರಂಥದ ಪ್ರಕಾರ ಮಾಡಿದ ಔಷಧಿ, ಔಷಧಿಯ ಸುಂಕ ಹಾಕಿ ಅಂತ ಕಂಪನಿ ವಾದ ಮಾಡಿತು. ನ್ಯಾಯಮಂಡಳಿ ಒಪ್ಪಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಜನ ಇದನ್ನು ಬೆಳಗ್ಗೆ ಎದ್ದು ಹಲ್ಲುಜ್ಜಲು ಬಳಸುತ್ತಾರೆ, ರೋಗ ಬಂದಾಗ ಔಷಧಿ ಅಂತ ತಗೊಳ್ಳುವುದಿಲ್ಲ, ಗ್ರಂಥದಲ್ಲಿ ಏನೇ ಇರಲಿ, ಬಳಸುವವರ ಬಾಯಲ್ಲಿ ಇದು ಹಲ್ಲುಪುಡಿ ಅನ್ನುವುದು ತೀರ್ಪಿನ ಸಾರ. 2009ರಲ್ಲಿ ಅದೇ ಪುಡಿ ಮತ್ತೆ ಕೋರ್ಟಿಗೆ ಬಂದಾಗಲೂ ಫಲಿತಾಂಶ ಬದಲಾಗಲಿಲ್ಲ.

ಇದಕ್ಕೆ ಉಲ್ಟಾ ಕತೆಯೂ ಇದೆ. ವಿಕೋ ಕಂಪನಿಯ ಅರಿಶಿನದ ಕ್ರೀಮು ಸೌಂದರ್ಯದ ಸಾಮಾನು ಅಂತ ಇಲಾಖೆ ಪಟ್ಟು ಹಿಡಿಯಿತು. 2004ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರವಾಗಿ, ಅದು ಆಯುರ್ವೇದ ಔಷಧಿಯೇ ಅಂದಿತು. ಅಂಗಡಿಯಲ್ಲಿ ಹೆಚ್ಚುಕಡಿಮೆ ಒಂದೇ ಕಪಾಟಿನಲ್ಲಿ ಕೂರುವ ಎರಡು ಸಾಮಾನು, ಎರಡು ತೀರ್ಪು.

ಇಷ್ಟರಿಂದ ಒಂದು ಮಾತು ಸ್ಪಷ್ಟ. ಇಂಥ ಕೇಸುಗಳಲ್ಲಿ ನಾವು ಅಂಗಡಿಯಲ್ಲಿ ಏನಂತ ಕೇಳಿ ತಗೊಳ್ಳುತ್ತೇವೆ, ಮನೆಗೆ ತಂದು ಏನು ಮಾಡುತ್ತೇವೆ ಅನ್ನೋದೇ ದೊಡ್ಡ ಸಾಕ್ಷಿ. ಆದರೆ ಆ ಸಾಕ್ಷಿಯನ್ನು ನಮ್ಮ ಪರವಾಗಿ ಕೋರ್ಟಿನಲ್ಲಿ ಹೇಳುವವರು ಕಂಪನಿಯ ಲಾಯರು ಅಥವಾ ಸರ್ಕಾರದ ಲಾಯರು. ನಾವಲ್ಲ.

ಸಣ್ಣ ಬಾಟಲಿಯ ದೊಡ್ಡ ಕೇಸು

ಈಗ ಕೊಬ್ಬರಿ ಎಣ್ಣೆಗೆ ಬರೋಣ. ಸುಂಕ ಪಟ್ಟಿಯಲ್ಲಿ ಇದಕ್ಕೆ ಎರಡು ಬಾಗಿಲು. 1513 ಅಂದರೆ ಕೊಬ್ಬರಿ ಎಣ್ಣೆ, ತಿನ್ನುವ ಎಣ್ಣೆಗಳ ಸಾಲಿನಲ್ಲಿ. 3305 ಅಂದರೆ ಕೂದಲಿಗೆ ಬಳಸುವ ಸಾಮಾನು, ಶಾಂಪೂ ಜೊತೆಯಲ್ಲಿ. ಎರಡನೆಯದಕ್ಕೆ ಸುಂಕ ಜಾಸ್ತಿ.

ದೊಡ್ಡ ಡಬ್ಬದ ಬಗ್ಗೆ ಜಗಳ ಇರಲಿಲ್ಲ. ಜಗಳ ಬಂದದ್ದು ಸಣ್ಣ ಪ್ಯಾಕಿನ ಬಗ್ಗೆ. ಸುಗಂಧ ಹಾಕಿಲ್ಲ, ಮೂಲಿಕೆ ಹಾಕಿಲ್ಲ, ಬರೀ ಶುದ್ಧ ಕೊಬ್ಬರಿ ಎಣ್ಣೆ, ಆದರೆ ಸಣ್ಣ ಬಾಟಲಿ ಮತ್ತು ಪಾಕೀಟಿನಲ್ಲಿ. ಇಲಾಖೆಯ ವಾದ ಸರಳ. ಇಷ್ಟು ಚಿಕ್ಕ ಬಾಟಲಿ ತಗೊಂಡು ಯಾರು ಅಡುಗೆ ಮಾಡುತ್ತಾರೆ? ಇದು ತಲೆಗೆ ಹಚ್ಚಲು ಮಾರುವ ಪ್ಯಾಕು. ಕಂಪನಿಗಳ ವಾದ ಬೇರೆ. ಲೇಬಲ್ಲಿನಲ್ಲಿ ಖಾದ್ಯ ತೈಲ ಅಂತ ಬರೆದಿದೆ, ಆಹಾರ ಪದಾರ್ಥದ ನಿಯಮಗಳ ಪ್ರಕಾರವೇ ತುಂಬಿದ್ದೇವೆ, ಕೊಂಡವರು ಏನು ಮಾಡುತ್ತಾರೆ ಅನ್ನೋದು ನಮ್ಮ ಕೈಲಿಲ್ಲ.

2005ರಲ್ಲಿ ಪಟ್ಟಿಯ ಮಾತುಗಳು ಬದಲಾದದ್ದು ಜಗಳವನ್ನು ಇನ್ನಷ್ಟು ಬೆಳೆಸಿತು. 33ನೇ ಅಧ್ಯಾಯಕ್ಕೆ ಬರಬೇಕಾದರೆ ವಸ್ತು ಆ ಬಳಕೆಗೆ ಯೋಗ್ಯವಾಗಿರಬೇಕು, ಜೊತೆಗೆ ಆ ಬಳಕೆಗೆ ಅಂತ ಚಿಲ್ಲರೆಯಲ್ಲಿ ಮಾರುವ ಥರದ ಪ್ಯಾಕಿನಲ್ಲಿ ಇರಬೇಕು ಅಂತ ಬರೆದರು. ಕೊಬ್ಬರಿ ಎಣ್ಣೆ ಕೂದಲಿಗೆ ಯೋಗ್ಯ, ಸಣ್ಣ ಪ್ಯಾಕು ಕೂದಲೆಣ್ಣೆಯ ಪ್ಯಾಕು, ಅಲ್ಲಿಗೆ ಮುಗೀತು ಅನ್ನೋದು ಇಲಾಖೆಯ ಲೆಕ್ಕ.

ನ್ಯಾಯಮಂಡಳಿ ಕಂಪನಿಗಳ ಪರ ಹೇಳಿತು. ಇಲಾಖೆ ಸುಪ್ರೀಂ ಕೋರ್ಟಿಗೆ ಹೋಯಿತು. ತಮಿಳುನಾಡಿನ ಸೇಲಂ ಅಬಕಾರಿ ಕಮಿಷನರ್ ಮತ್ತು ಮದನ್ ಆಗ್ರೋ ಇಂಡಸ್ಟ್ರೀಸ್ ನಡುವಿನ ಕೇಸು ಅಂತ ಅದಕ್ಕೆ ಹೆಸರು. ಮೇಲ್ಮನವಿಯ ನಂಬರು 2009ರದು. ಅದೇ ವರ್ಷ ಜೂನ್ 3ರಂದು ದೆಹಲಿಯ ಮಂಡಳಿ, 200 ಎಂಎಲ್ ವರೆಗಿನ ಪ್ಯಾಕುಗಳನ್ನೆಲ್ಲ ಕೂದಲೆಣ್ಣೆ ಅಂತ ಪರಿಗಣಿಸಿ ಅಂತ ಸುತ್ತೋಲೆ ಹೊರಡಿಸಿತು. 2015ರ ಅಕ್ಟೋಬರಿನಲ್ಲಿ ಅದೇ ಮಂಡಳಿ ಅದನ್ನು ವಾಪಸು ತಗೊಂಡಿತು. 200 ಎಂಎಲ್ ಬಾಟಲಿ ಆರು ವರ್ಷ ಇಲಾಖೆಯ ಕಣ್ಣಿಗೆ ತಲೆಗೆಣ್ಣೆ, ಆಮೇಲೆ ಮತ್ತೆ ಅಡುಗೆಯೆಣ್ಣೆ. ಒಳಗಿರುವ ಎಣ್ಣೆ ಮಾತ್ರ ಅದೇ.

2018ರ ಏಪ್ರಿಲ್ 13ರಂದು ತೀರ್ಪು ಬಂತು. ಬಂದದ್ದು ಒಂದಲ್ಲ, ಎರಡು. ನ್ಯಾಯಮೂರ್ತಿ ರಂಜನ್ ಗೊಗೊಯ್ ಅವರು ಸಣ್ಣ ಪ್ಯಾಕಿನದೂ ಖಾದ್ಯ ಎಣ್ಣೆಯೇ ಅಂದರು. ಜೊತೆಗೆ ಕೂತಿದ್ದ ನ್ಯಾಯಮೂರ್ತಿ ಆರ್. ಭಾನುಮತಿ ಅವರು ಸಣ್ಣ ಪ್ಯಾಕಿನದು ಕೂದಲೆಣ್ಣೆ ಅಂದರು. ಇಬ್ಬರ ಪೀಠ ಸಮನಾಗಿ ಒಡೆಯಿತು. ಕೇಸು ಮೂವರ ಪೀಠಕ್ಕೆ ಹೋಗಿ ಕಾಯುತ್ತಾ ಕೂತಿತು.

ಇದನ್ನು ಓದುವಾಗ ನಮಗೆ ನಮ್ಮ ರಾಜ್ಯವೇ ಕಣ್ಣಮುಂದೆ ಬಂತು. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ತೆಂಗಿನೆಣ್ಣೆ ಇಲ್ಲದೆ ಒಗ್ಗರಣೆ ಚಟಪಟ ಅನ್ನುವುದಿಲ್ಲ. ತೆಂಗೇ ಬದುಕಾಗಿರುವ ನಮ್ಮ ತುಮಕೂರು ಕಡೆಯಲ್ಲಿ ಕಾಯಿ, ಕೊಬ್ಬರಿ ಎಲ್ಲ ಅಡುಗೆಗೆ ಬೇಕು, ಎಣ್ಣೆ ಮಾತ್ರ ತಲೆಗೆ. ಹೆಸರೂ ಬೇರೆ, ಅವರಿಗೆ ತೆಂಗಿನೆಣ್ಣೆ, ನಮಗೆ ಕೊಬ್ಬರಿ ಎಣ್ಣೆ. ಶಿರಾಡಿ ಘಾಟಿ ಇಳಿದರೆ ಒಂದು ತೀರ್ಪು, ಹತ್ತಿದರೆ ಇನ್ನೊಂದು. ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ಹೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೊನೆಗೆ 2024ರ ಡಿಸೆಂಬರ್ 18ರಂದು ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ, ನ್ಯಾಯಮೂರ್ತಿ ಸಂಜಯ್ ಕುಮಾರ್, ನ್ಯಾಯಮೂರ್ತಿ ಆರ್. ಮಹಾದೇವನ್ ಅವರ ಪೀಠ ಜಗಳ ಮುಗಿಸಿತು. ಕೊಬ್ಬರಿ ಎಣ್ಣೆಗೆ ಅಂತಲೇ ಪಟ್ಟಿಯಲ್ಲಿ ಹೆಸರು ಹೇಳಿ ಜಾಗ ಕೊಟ್ಟಿರುವಾಗ, ಪ್ಯಾಕು ಚಿಕ್ಕದು ಅನ್ನುವ ಒಂದೇ ಕಾರಣಕ್ಕೆ ಅದನ್ನು ಕೂದಲೆಣ್ಣೆ ಮಾಡಲಾಗದು. ಕೂದಲೆಣ್ಣೆ ಆಗಬೇಕಾದರೆ ಇದು ಕೂದಲಿಗೆ ಅಂತ ಪ್ಯಾಕೇ ಹೇಳುವಂತಿರಬೇಕು.

ಆ ತೀರ್ಪಿನಲ್ಲಿ ನಮಗೆ ಮನಸ್ಸಿಗೆ ಹತ್ತಿದ್ದು ಒಂದು ಸಣ್ಣ ಅಂಶ. ಜನ ಅಡುಗೆ ಎಣ್ಣೆಯನ್ನೂ ಸ್ವಲ್ಪಸ್ವಲ್ಪವಾಗಿ ಕೊಳ್ಳಬಹುದು, ಅದಕ್ಕೆ ಹಣಕಾಸಿನ ಕಾರಣ ಇರಬಹುದು, ಆರೋಗ್ಯದ ಕಾರಣ ಇರಬಹುದು ಅಂತ ನ್ಯಾಯಮೂರ್ತಿಗಳು ಗುರುತಿಸಿದ್ದಾರೆ. ಇಷ್ಟು ಚಿಕ್ಕ ಬಾಟಲಿಯಲ್ಲಿ ಯಾರು ಅಡುಗೆ ಮಾಡುತ್ತಾರೆ ಅನ್ನುವ ಪ್ರಶ್ನೆಗೆ ಉತ್ತರ ನಮ್ಮ ಯಾವ ಹಳ್ಳಿಯ ಅಂಗಡಿಯಲ್ಲಾದರೂ ಸಿಗುತ್ತಿತ್ತು. ಸಂತೆ ದಿನ ಕೂಲಿ ಬಂದ ಮೇಲೆ ಐವತ್ತು ಗ್ರಾಂ, ನೂರು ಗ್ರಾಂ ಲೆಕ್ಕದಲ್ಲಿ ಎಣ್ಣೆ ತಗೊಳ್ಳುವವರು ಎಷ್ಟು ಜನ! ಆ ಉತ್ತರ ದೆಹಲಿ ಮುಟ್ಟಲು 15 ವರ್ಷ ಬೇಕಾಯಿತು.

ಗೆದ್ದ ದುಡ್ಡು ಯಾರ ದುಡ್ಡು?

ಇಂಥ ಕೇಸು ಗೆದ್ದರೆ ಕಂಪನಿ ಮುಂಚೆ ಜಾಸ್ತಿ ಕಟ್ಟಿದ ಸುಂಕ ವಾಪಸು ಕೇಳಬಹುದು. ಆದರೆ ಆ ಸುಂಕವನ್ನು ಕಂಪನಿ ಅಷ್ಟರಲ್ಲಾಗಲೇ ಬೆಲೆಯಲ್ಲಿ ಸೇರಿಸಿ ನಮ್ಮಿಂದ ತಗೊಂಡಿದ್ದರೆ? ಆಗ ಕಂಪನಿಗೆ ಎರಡು ಸಲ ಲಾಭ, ನಮಗೆ ಪೂರ್ತಿ ನಷ್ಟ.

ಈ ಅನ್ಯಾಯ ತಡೆಯಲು 1991ರಲ್ಲಿ ಕಾನೂನು ಬದಲಾಯಿಸಿದರು. ಸುಂಕದ ಹೊರೆ ನಾವೇ ಹೊತ್ತಿದ್ದೇವೆ, ಗಿರಾಕಿಗೆ ದಾಟಿಸಿಲ್ಲ ಅಂತ ಕಂಪನಿ ತೋರಿಸಿದರೆ ಮಾತ್ರ ದುಡ್ಡು ವಾಪಸು. ಇಲ್ಲದಿದ್ದರೆ ಅದು ಗ್ರಾಹಕ ಕಲ್ಯಾಣ ನಿಧಿಗೆ ಹೋಗುತ್ತದೆ. ಕಂಪನಿಗಳು ಇದನ್ನೂ ಪ್ರಶ್ನೆ ಮಾಡಿದವು. 1996ರ ಡಿಸೆಂಬರ್ 19ರಂದು, ಮಫತ್‌ಲಾಲ್ ಕಂಪನಿಯ ಕೇಸಿನಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ನಿಯಮವನ್ನು ಎತ್ತಿಹಿಡಿಯಿತು.

ಹೊರೆ ಹೊತ್ತ ಗಿರಾಕಿಯೂ ವಾಪಸು ಕೇಳಬಹುದು ಅಂತ ಕಾನೂನಿನಲ್ಲಿ ಇದೆ. ಆದರೆ ಒಂದು ಸಣ್ಣ ಬಾಟಲಿ ಎಣ್ಣೆಯ ಬಿಲ್ಲು ಇಟ್ಟುಕೊಂಡವರು ಯಾರು? ನಮ್ಮ ಊರ ಅಂಗಡಿಯಲ್ಲಿ ಬಿಲ್ಲು ಕೊಡುವುದಾದರೂ ಎಲ್ಲಿ? ಹಕ್ಕು ಕಾಗದದ ಮೇಲಿದೆ, ಅದನ್ನು ಕೇಳಲು ಬೇಕಾದ ಕಾಗದ ನಮ್ಮ ಹತ್ತಿರ ಇಲ್ಲ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು, ತಂಬಾಕು, ಪೆಟ್ರೋಲು, ಡೀಸೆಲ್ಲಿನಂಥ ಕೆಲವು ಬಿಟ್ಟರೆ, ಕೇಂದ್ರ ಅಬಕಾರಿ ಸುಂಕ ಅದರಲ್ಲಿ ಸೇರಿಹೋಯಿತು. ಹಳೇ ಕೇಸುಗಳು ಮಾತ್ರ ನಡೆಯುತ್ತಲೇ ಇವೆ. ಹೆಸರಿನ ಜಗಳವೂ ಜಿಎಸ್‌ಟಿಗೆ ಬಂತು. ಖಾದ್ಯ ಎಣ್ಣೆಗೆ ಶೇ 5, ಕೂದಲೆಣ್ಣೆಗೆ ಶೇ 18. ನೂರು ರೂಪಾಯಿಯ ಎಣ್ಣೆಗೆ ಒಂದು ಹೆಸರಿಟ್ಟರೆ 105, ಇನ್ನೊಂದು ಹೆಸರಿಟ್ಟರೆ 118. 2025ರ ಸೆಪ್ಟೆಂಬರ್ 22ರಿಂದ ಕೂದಲೆಣ್ಣೆಗೂ ಶೇ 5 ಆಯಿತು. ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಒಂಬತ್ತೇ ತಿಂಗಳಿಗೆ, ಜಗಳ ಆಡಲು ಕಾರಣವಾದ ದರದ ವ್ಯತ್ಯಾಸವೇ ಇಲ್ಲದಂತಾಯಿತು. ಜಿಎಸ್‌ಟಿಯ ಜಗಳಗಳಿಗೇ ಒಂದು ಮೇಲ್ಮನವಿ ನ್ಯಾಯಮಂಡಳಿ ಬೇಕಿತ್ತಲ್ಲ, ಅದು ವಿಧ್ಯುಕ್ತವಾಗಿ ಶುರುವಾದದ್ದೂ ಅದೇ ಸೆಪ್ಟೆಂಬರಿನಲ್ಲಿ. ಜಿಎಸ್‌ಟಿ ಬಂದು ಎಂಟು ವರ್ಷ ಆದಮೇಲೆ.

ಇಷ್ಟೆಲ್ಲ ಓದಿಕೊಂಡು ನಾವು ಮತ್ತೆ ಆ ಅಂಗಡಿಗೆ ಹೋದೆವು. ಆ ಅಕ್ಕನ ಬಾಟಲಿಯ ರೇಟು ಯಾಕೆ ಇಳಿಯಲಿಲ್ಲ ಅಂತ ಅಂಗಡಿಯವರಿಗೆ ಹೇಳಿದೆವು. ಅದರ ಮೇಲೆ ಖಾದ್ಯ ಅಂತ ಬರೆದಿದೆ, ಹಾಗಾಗಿ ಅದಕ್ಕೆ ಮುಂಚಿನಿಂದಲೂ ಶೇ 5 ಇತ್ತು. ಇಳಿಯಲು ಏನೂ ಉಳಿದಿರಲಿಲ್ಲ. ಪಕ್ಕದಲ್ಲೇ ಇದ್ದ ಸುಗಂಧದ ಕೂದಲೆಣ್ಣೆಗೆ ಶೇ 18 ಇತ್ತು, ಅದು ಇಳಿಯಬೇಕು.

ಅಂಗಡಿಯವರು ಬಾಟಲಿ ತಿರುಗಿಸಿ ನೋಡಿದರು. ಖಾದ್ಯ ಎಣ್ಣೆ ಅನ್ನುವ ಮಾತು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು. "ಇದನ್ನ ಓದೋಕೆ ನನಗೇ ಕನ್ನಡಕ ಬೇಕು ಸಾರ್. ಅಕ್ಕಂಗೆ ಹೆಂಗೆ ಗೊತ್ತಾಗಬೇಕು?" ಅಂದರು.

ಮುಂದಿನ ಸಲ ನೀವು ಅಂಗಡಿಗೆ ಹೋದಾಗ ಎರಡು ಕೆಲಸ ಮಾಡಿ. ಬಾಟಲಿ ತಿರುಗಿಸಿ ಅದರ ಮೇಲೆ ಏನಂತ ಬರೆದಿದೆ ನೋಡಿ, ಓದಲು ಬಾರದಿದ್ದರೆ ಮಕ್ಕಳ ಕೈಲಿ ಓದಿಸಿ. ಬಿಲ್ಲು ಕೇಳಿ. ಕೋರ್ಟುಗಳು ನಿಮ್ಮ ಬಾಯಿಮಾತನ್ನು ಸಾಕ್ಷಿ ಅಂತ ತಗೊಳ್ಳುತ್ತವೆ. ನೀವು ದುಡ್ಡು ಕೊಟ್ಟಿದ್ದಕ್ಕೂ ಒಂದು ಸಾಕ್ಷಿ ನಿಮ್ಮ ಹತ್ತಿರ ಇರಲಿ.